ಶಿಶುವಿನ ತೂಕವೆಂಬ ಐತಿಹಾಸಿಕ ದಾಖಲೆ: ಡೇವಿಡ್ ಬಾರ್ಕರ್ ಅವರ ಶೋಧ, ಮೈಸೂರಿನ ಹೆರಿಗೆ ವಹಿಗಳು ಮತ್ತು ಗದಗ ಸೀಮೆ

ಗದಗ ಸೀಮೆಯ ಇತಿಹಾಸವನ್ನು ಬರೆಯಹೊರಟವರಿಗೆ ಆಕರಗಳ ಕೊರತೆಯಿಲ್ಲ. ಪುಲಿಗೆರೆಯೆಂದು ಹೆಸರಾದ ಲಕ್ಷ್ಮೇಶ್ವರದ ಶಾಸನಗಳು, ಗದಗಿನ ತ್ರಿಕೂಟೇಶ್ವರ ದೇವಾಲಯದ ಶಾಸನಗಳು, ಪಟವರ್ಧನ ಸಂಸ್ಥಾನಿಕರ ಕಾಗದಪತ್ರಗಳು, ಮುಂಬಯಿ ಸರಕಾರದ ಕಂದಾಯ ದಪ್ತರಗಳು ನಮ್ಮ ಮುಂದಿವೆ. ಇವುಗಳಿಂದ ಅರಸರ ದಾನ, ದೇವಾಲಯಗಳ ಆದಾಯ, ಭೂಮಿಯ ತೆರಿಗೆ, ಊರುಗಳ ಹಕ್ಕುದಾರಿಕೆ ಮುಂತಾದ ವಿಷಯಗಳನ್ನು ಅರಿಯಬಹುದಾಗಿದೆ. ಆದರೆ ಆ ಊರುಗಳಲ್ಲಿ ಹುಟ್ಟಿದ ಮಕ್ಕಳು ಹೇಗಿದ್ದರು, ಅವರಲ್ಲಿ ಬದುಕಿದವರೆಷ್ಟು, ಬದುಕಿದವರ ದೇಹಸ್ಥಿತಿ ಮುಂದೆ ಏನಾಯಿತು ಎಂಬ ಪ್ರಶ್ನೆಗಳಿಗೆ ಇವು ಉತ್ತರ ಕೊಡಲಾರವು. ಆ ಉತ್ತರ ಬೇಕಾದರೆ ಬೇರೊಂದು ಬಗೆಯ ಆಕರವನ್ನು ಅರಸಬೇಕು. ಅದು ಹೆರಿಗೆಯ ಕೋಣೆಯಲ್ಲಿ ದಾದಿಯೋ ಸೂಲಗಿತ್ತಿಯೋ ಬರೆಯಿಸಿದ ವಹಿಯಲ್ಲಿನ ಒಂದು ಸಾಲು: ಕೂಸಿನ ತೂಕ ಇಷ್ಟು, ಉದ್ದ ಇಷ್ಟು, ತಲೆಯ ಸುತ್ತಳತೆ ಇಷ್ಟು.

ಇಂಥ ಸಾಲುಗಳಿಗೆ ಚರಿತ್ರೆಯ ಆಕರವಾಗುವ ಯೋಗ್ಯತೆಯುಂಟೆಂದು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ಪ್ರಮುಖರು. ಅವರ ವಾದವು ನಮ್ಮ ದೇಶದಲ್ಲಿ ಪರೀಕ್ಷೆಗೆ ಒಳಗಾದ ಮುಖ್ಯ ಸ್ಥಳಗಳಲ್ಲೊಂದು ಮೈಸೂರು. ಬಾರ್ಕರ್ ಅವರ ಜೀವನ ಮತ್ತು ಕಾರ್ಯವನ್ನು, ಮೈಸೂರಿನಲ್ಲಿ ನಡೆದ ಶೋಧವನ್ನು, ಅವೆರಡರಿಂದ ಗದಗ ಸೀಮೆಯ ಇತಿಹಾಸಾಭ್ಯಾಸಿಗಳು ಕಲಿಯಬೇಕಾದುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇವೆ.

1. ಬಾರ್ಕರ್ ಅವರ ಜೀವನ

ಡೇವಿಡ್ ಬಾರ್ಕರ್ ಅವರು 1938ನೆಯ ಇಸವಿ ಜೂನ್ 29ರಂದು ಲಂಡನ್ನಿನಲ್ಲಿ ಜನಿಸಿದರು. ಬಾಲ್ಯದಿಂದಲೇ ಅವರಿಗೆ ಪ್ರಕೃತಿಯ ವೀಕ್ಷಣೆಯಲ್ಲಿ ಆಸಕ್ತಿಯಿತ್ತು. ಲಂಡನ್ನಿನ ಗಯ್ಸ್ ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣವನ್ನು ಮುಗಿಸಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಪಡೆದರು. ಆಮೇಲೆ ಆಫ್ರಿಕಾ ಖಂಡದ ಯುಗಾಂಡಾ ದೇಶಕ್ಕೆ ಹೋಗಿ, ಬುರೂಲಿ ಹುಣ್ಣು ಎಂಬ ಚರ್ಮರೋಗವು ಯಾವ ಯಾವ ಪ್ರದೇಶಗಳಲ್ಲಿ, ಯಾರಲ್ಲಿ, ಏಕೆ ಕಾಣಿಸಿಕೊಳ್ಳುತ್ತದೆಂಬುದನ್ನು ಶೋಧಿಸಿದರು. ಇದಿ ಅಮೀನನ ಆಳ್ವಿಕೆಯ ಕಾರಣ 1972ರಲ್ಲಿ ಆ ದೇಶವನ್ನು ಬಿಡಬೇಕಾಗಿ ಬಂದಿತು. ಅಲ್ಲಿಂದ ಮುಂದೆ ಇಂಗ್ಲೆಂಡಿನ ಸೌದಾಂಪ್ಟನ್ ವಿಶ್ವವಿದ್ಯಾಲಯವೇ ಅವರ ಕಾರ್ಯಕ್ಷೇತ್ರವಾಯಿತು. 1984ರಲ್ಲಿ ಅಲ್ಲಿಯ ವೈದ್ಯಕೀಯ ಸಂಶೋಧನ ಮಂಡಲಿಯ ಘಟಕಕ್ಕೆ ನಿರ್ದೇಶಕರಾದರು. 2013ರ ಆಗಸ್ಟ್ 27ರಂದು ನಿಧನ ಹೊಂದಿದರು.

ರೋಗವು ಒಬ್ಬ ರೋಗಿಯಲ್ಲಿ ಹೇಗಿದೆ ಎಂದು ನೋಡುವುದು ವೈದ್ಯನ ಕೆಲಸ. ಒಂದು ಜನಸಮುದಾಯದಲ್ಲಿ ಅದು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಎಣಿಸಿ ಕಾರಣವನ್ನು ಹುಡುಕುವುದು ಎಪಿಡೆಮಿಯಾಲಜಿ ಎಂಬ ಶಾಸ್ತ್ರದ ಕೆಲಸ. ಬಾರ್ಕರ್ ಅವರು ಈ ಎರಡನೆಯ ಮಾರ್ಗದವರು. ಎಣಿಕೆಗೆ ದಾಖಲೆ ಬೇಕು. ಹಳೆಯ ಕಾಲದ ಎಣಿಕೆಗೆ ಹಳೆಯ ದಾಖಲೆಯೇ ಬೇಕು. ಈ ಕಾರಣದಿಂದ ಅವರ ಶಾಸ್ತ್ರವೂ ನಮ್ಮ ಶಾಸ್ತ್ರವೂ ಒಂದೇ ದಪ್ತರಖಾನೆಯ ಬಾಗಿಲಲ್ಲಿ ಸಂಧಿಸಿದುವು.

2. ನಕ್ಷೆಯಿಂದ ಹುಟ್ಟಿದ ಸಂಶಯ

ಹೃದಯದ ರಕ್ತನಾಳಗಳ ರೋಗವು ಸಿರಿವಂತಿಕೆಯ ಫಲ, ಅತಿಯಾದ ಆಹಾರ ಮತ್ತು ಆಲಸ್ಯದ ಪರಿಣಾಮ ಎಂಬ ಅಭಿಪ್ರಾಯ ಆಗ ಪ್ರಬಲವಾಗಿತ್ತು. ಬಾರ್ಕರ್ ಮತ್ತು ಅವರ ಸಹೋದ್ಯೋಗಿ ಕ್ಲೈವ್ ಆಸ್ಮಂಡ್ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 212 ಪ್ರದೇಶಗಳನ್ನು ತೆಗೆದುಕೊಂಡು, 1921ರಿಂದ 1925ರ ವರೆಗಿನ ಶಿಶುಮರಣದ ಪ್ರಮಾಣವನ್ನೂ, 1968ರಿಂದ 1978ರ ವರೆಗೆ ಅದೇ ಪ್ರದೇಶಗಳಲ್ಲಿ ಹೃದ್ರೋಗದಿಂದ ಸತ್ತ ಪ್ರೌಢರ ಪ್ರಮಾಣವನ್ನೂ ಒಂದರ ಪಕ್ಕದಲ್ಲಿಟ್ಟು ಹೋಲಿಸಿದರು. ಶಿಶುಮರಣ ಹೆಚ್ಚಾಗಿದ್ದ ಬಡ ಪ್ರದೇಶಗಳಲ್ಲಿಯೇ ಮುಂದೆ ಹೃದ್ರೋಗವೂ ಹೆಚ್ಚಾಗಿ ಕಂಡುಬಂದಿತು. ಈ ಲೇಖನ 1986ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಕೂಸುಗಳನ್ನು ಬಲಿ ತೆಗೆದುಕೊಂಡ ದುಃಸ್ಥಿತಿಯು ಬದುಕುಳಿದವರ ದೇಹದಲ್ಲಿಯೂ ತನ್ನ ಗುರುತನ್ನು ಉಳಿಸಿ ಹೋಗಿರಬಹುದೆ ಎಂಬುದು ಅವರ ಪ್ರಶ್ನೆ.

ಪ್ರದೇಶಗಳ ಹೋಲಿಕೆಯಿಂದ ವ್ಯಕ್ತಿಗಳ ವಿಷಯವನ್ನು ಸಾಧಿಸಲಾಗದೆಂಬುದನ್ನು ಬಾರ್ಕರ್ ಚೆನ್ನಾಗಿ ಅರಿತಿದ್ದರು. ಹುಟ್ಟಿದಾಗ ಇಂಥ ತೂಕವಿದ್ದ ಇಂಥ ಮನುಷ್ಯನು ಮುಂದೆ ಇಂಥ ರೋಗದಿಂದ ಸತ್ತನೆಂದು ಒಬ್ಬೊಬ್ಬರ ವಿಷಯವಾಗಿ ತೋರಿಸಬೇಕಾಗಿತ್ತು. ಅದಕ್ಕಾಗಿ ಬ್ರಿಟನ್ನಿನ ದಪ್ತರಖಾನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಹಳೆಯ ಹೆರಿಗೆ ದಾಖಲೆಗಳ ಶೋಧ ನಡೆಯಿತು. ಈ ಕಾರ್ಯದಲ್ಲಿ ಇತಿಹಾಸದ ವಿದ್ವಾಂಸರ ನೆರವನ್ನು ಪಡೆಯಲಾಯಿತು. ಹರ್ಟ್‌ಫರ್ಡ್‌ಶೈರ್ ಎಂಬ ಪ್ರಾಂತದಲ್ಲಿ 1911ರಿಂದ ನಡೆದುಬಂದ ವಹಿಗಳು ದೊರೆತುವು. ಬೋಯರ್ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಬಂದ ತರುಣರಲ್ಲಿ ಅನೇಕರು ದುರ್ಬಲರೆಂದು ಕಂಡುಬಂದುದರಿಂದ ಬ್ರಿಟಿಷ್ ಸರಕಾರಕ್ಕೆ ಮಕ್ಕಳ ಆರೋಗ್ಯದ ಚಿಂತೆ ಹತ್ತಿತ್ತು. ಆ ಪ್ರಾಂತದ ಮುಖ್ಯ ಆರೋಗ್ಯ ಸಂದರ್ಶಕಿಯಾಗಿದ್ದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಅವರ ವ್ಯವಸ್ಥೆಯಂತೆ ಸೂಲಗಿತ್ತಿಯರು ಹುಟ್ಟಿದ ಕೂಸನ್ನು ತೂಗುತ್ತಿದ್ದರು. ಆರೋಗ್ಯ ಸಂದರ್ಶಕಿಯರು ವರ್ಷವಿಡೀ ಮನೆಗೆ ಹೋಗಿ, ಕೂಸಿಗೆ ತಾಯಿಯ ಹಾಲೋ ಬಾಟಲಿಯ ಹಾಲೋ ಎಂದು ಬರೆದುಕೊಂಡು, ವರ್ಷ ತುಂಬಿದಾಗ ಮತ್ತೆ ತೂಗುತ್ತಿದ್ದರು.

ಈ ವಹಿಗಳಿಂದ 1911 ಮತ್ತು 1930ರ ನಡುವೆ ಹುಟ್ಟಿದ 5,654 ಗಂಡಸರ ಜೀವಿತವನ್ನು ಅನುಸರಿಸಲಾಯಿತು. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಅಡ್ಡಹೆಸರನ್ನು ಬದಲಿಸುವುದರಿಂದ ಅವರನ್ನು ಗುರುತಿಸುವುದು ಕಠಿಣವಾಗಿತ್ತು. 1989ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ರಾಷ್ಟ್ರದ ಸರಾಸರಿ ಮರಣವನ್ನು 100 ಎಂದು ಇಟ್ಟುಕೊಂಡರೆ, ವರ್ಷದ ಕೂಸಾಗಿದ್ದಾಗ 18 ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗದ ಮರಣ 111; 27 ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ಅದು 42 ಮಾತ್ರ.

ಗರ್ಭದಲ್ಲಿ ಆಹಾರ ಸಾಲದಾದಾಗ ಶಿಶುವಿನ ದೇಹವು ಇದ್ದುದನ್ನು ಮೊದಲು ಮೆದುಳಿಗೆ ಉಳಿಸಿ, ಮೂತ್ರಪಿಂಡ, ಯಕೃತ್ತು, ಮೇದೋಜೀರಕ ಮುಂತಾದ ಅಂಗಗಳ ಬೆಳವಣಿಗೆಯಲ್ಲಿ ಮಿತವ್ಯಯ ಮಾಡುತ್ತದೆಂಬುದೂ, ಆ ಮಿತವ್ಯಯದ ಬೆಲೆಯನ್ನು ನಡುವಯಸ್ಸಿನಲ್ಲಿ ತೆರಬೇಕಾಗುತ್ತದೆಂಬುದೂ ಬಾರ್ಕರ್ ಅವರ ಸಿದ್ಧಾಂತದ ಸಾರ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಉಂಟಾದ ಕ್ಷಾಮದ ಕಾಲಕ್ಕೆ ಗರ್ಭದಲ್ಲಿದ್ದವರನ್ನು ಕುರಿತು ನಡೆದ ಅಭ್ಯಾಸಗಳೂ ಈ ವಿಚಾರಕ್ಕೆ ಬೆಂಬಲವಿತ್ತಿವೆ.

3. ಮೈಸೂರಿನ ವಹಿಗಳು

ಇಂಗ್ಲೆಂಡಿನ ಸ್ಥಿತಿಯೇ ಬೇರೆ, ನಮ್ಮ ದೇಶದ ಸ್ಥಿತಿಯೇ ಬೇರೆ. ನಮ್ಮಲ್ಲಿ ಕಡಿಮೆ ತೂಕದ ಕೂಸುಗಳು ಹೆಚ್ಚು. ಹೃದ್ರೋಗವೂ ಸಿಹಿಮೂತ್ರ ರೋಗವೂ ಈಗ ಹೆಚ್ಚಾಗಿವೆ. ಈ ಎರಡಕ್ಕೂ ಸಂಬಂಧವುಂಟೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಭಾರತದಲ್ಲಿಯೂ ಹಳೆಯ ಹೆರಿಗೆ ವಹಿಗಳು ಬೇಕಾಗಿದ್ದುವು. ಅವು ಮೈಸೂರಿನಲ್ಲಿ ದೊರೆತುವು.

ಮೈಸೂರಿನ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು 1906ರಲ್ಲಿ ಸ್ಥಾಪಿತವಾದುದು. ಹೆಂಗಸರ ಹಾಗೂ ಮಕ್ಕಳ ಚಿಕಿತ್ಸೆಯಲ್ಲಿ ಅದು ಹೆಸರು ಪಡೆದಿತ್ತು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನೂ, ತಾಯಿಯ ತೂಕವನ್ನೂ ಬರೆದಿಟ್ಟ ವಹಿಗಳು ಉಳಿದುಬಂದಿದ್ದುವು. ಬರೆದವರ ಉದ್ದೇಶ ಸಂಶೋಧನೆಯಲ್ಲ. ಆ ದಿನದ ಬಾಣಂತಿಯ ಹಾಗೂ ಕೂಸಿನ ಆರೈಕೆಯೇ ಅವರ ಗುರಿ. ಆದರೂ ಅರುವತ್ತು ವರ್ಷಗಳ ತರುವಾಯ ಆ ಬರವಣಿಗೆ ಬೇರೊಂದು ಪ್ರಶ್ನೆಗೆ ಸಾಕ್ಷಿಯಾಯಿತು.

ಸೌದಾಂಪ್ಟನ್ನಿನ ಘಟಕದಿಂದ ಕ್ಯಾರೊಲಿನ್ ಫಾಲ್ ಅವರು ಈ ಕಾರ್ಯದ ಮುಂದಾಳಾಗಿದ್ದರು, ಮೈಸೂರಿನಲ್ಲಿ ಕೆ. ಕುಮಾರನ್ ಮುಂತಾದವರು ಸಹಕರಿಸಿದರು. ಇಲ್ಲಿಯ ತೊಡಕು ಇಂಗ್ಲೆಂಡಿನ ತೊಡಕಿಗಿಂತ ದೊಡ್ಡದು. ನಮ್ಮ ಪದ್ಧತಿಯಲ್ಲಿ ಹುಟ್ಟಿದ ದಿನ ಕೂಸಿಗೆ ಹೆಸರಿರುವುದಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವುದು ಆಮೇಲೆ. ಹುಟ್ಟಿದವರನ್ನೂ ಸತ್ತವರನ್ನೂ ಒಂದೇ ಕೇಂದ್ರದಲ್ಲಿ ತಾಳೆ ನೋಡುವ ವ್ಯವಸ್ಥೆ ಅಲ್ಲಿರುವಂತೆ ಇಲ್ಲಿರಲಿಲ್ಲ. ಆದ್ದರಿಂದ ಶೋಧಕರು 1993ರಿಂದ ಆಸ್ಪತ್ರೆಯ ಸುತ್ತಣ ಬಡಾವಣೆಗಳಲ್ಲಿ ಮನೆಯಿಂದ ಮನೆಗೆ ಹೋಗಿ ವಿಚಾರಿಸಬೇಕಾಯಿತು. ಹೀಗೆ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗುರುತಿಸಲಾಯಿತು.

ಅವರಲ್ಲಿ 1934 ಮತ್ತು 1954ರ ನಡುವೆ ಹುಟ್ಟಿದ 517 ಸ್ತ್ರೀಪುರುಷರ ಪರೀಕ್ಷೆಯ ಫಲ 1996ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ನೂರಕ್ಕೆ 9, ಹೆಂಗಸರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು. ಹುಟ್ಟಿದಾಗ ಐದೂವರೆ ಪೌಂಡು, ಎಂದರೆ ಎರಡೂವರೆ ಕಿಲೋ, ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ರೋಗದ ಪ್ರಮಾಣ ನೂರಕ್ಕೆ 11 ಇದ್ದರೆ, ಏಳು ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ಅದು ನೂರಕ್ಕೆ 3. ಇದಕ್ಕಿಂತ ಗಮನಾರ್ಹವಾದ ಅಂಶ ಇನ್ನೊಂದುಂಟು. ಕೂಸೂ ಸಣ್ಣದಾಗಿದ್ದು ತಾಯಿಯೂ ನೂರು ಪೌಂಡಿಗಿಂತ ಕಡಿಮೆ ತೂಗುತ್ತಿದ್ದ ಪಕ್ಷದಲ್ಲಿ ರೋಗವು ನೂರಕ್ಕೆ 20ಕ್ಕೆ ಏರಿತ್ತು. ತಾಯಿ ಉಂಡುದೆಷ್ಟು, ಅವಳು ಬಾಲ್ಯದಲ್ಲಿ ಬೆಳೆದುದು ಹೇಗೆ ಎಂಬ ಸಂಗತಿ ಅವಳ ಮಕ್ಕಳ ಐವತ್ತನೆಯ ವಯಸ್ಸಿನ ವರೆಗೂ ಹಿಂಬಾಲಿಸಬಹುದೆಂಬ ವಿಚಾರಕ್ಕೆ ಈ ಅಂಕೆಗಳು ಒತ್ತುಕೊಡುತ್ತವೆ.

ಮೈಸೂರು ಇಂಗ್ಲೆಂಡಿನ ಪಾಠವನ್ನು ಒಪ್ಪಿಸಿತಷ್ಟೇ ಅಲ್ಲ, ತಿದ್ದಿತು ಕೂಡ. ಸಿಹಿಮೂತ್ರ ರೋಗದ ವಿಷಯದಲ್ಲಿ ಇಲ್ಲಿಯ ಫಲ ಬೇರೆಯಾಗಿತ್ತು. 1998ರಲ್ಲಿ ಪ್ರಕಟವಾದ ವರದಿಯಂತೆ ಆ ರೋಗ ಹೆಚ್ಚಾಗಿದ್ದುದು ಬರಿಯ ಸಣ್ಣ ಕೂಸುಗಳಲ್ಲಿ ಅಲ್ಲ. ಗಿಡ್ಡವಾಗಿ, ಆ ಉದ್ದಕ್ಕೆ ದಪ್ಪವಾಗಿ ಹುಟ್ಟಿದವರಲ್ಲಿ ಮತ್ತು ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ. ತಾಯಿಗೆ ಗರ್ಭಕಾಲದಲ್ಲಿ ರಕ್ತದ ಸಕ್ಕರೆ ಹೆಚ್ಚಾಗಿದ್ದಿರಬಹುದೆಂಬ ಊಹೆ ಇದರಿಂದ ಹುಟ್ಟಿತು. ಅದನ್ನು ಪರೀಕ್ಷಿಸಲು 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಂದ ಹೊಸ ಅಭ್ಯಾಸ ಆರಂಭವಾಯಿತು. ಇದಕ್ಕೆ ಪಾರ್ಥೆನಾನ್ ಅಭ್ಯಾಸವೆಂದು ಹೆಸರು, ಜಿ. ವಿ. ಕೃಷ್ಣವೇಣಿ ಮತ್ತು ಅವರ ಸಂಗಡಿಗರು ಇದನ್ನು ಮೈಸೂರಿನಲ್ಲಿಯೇ ದೀರ್ಘಕಾಲ ನಡೆಸಿದರು. ಪರೀಕ್ಷೆಗೆ ಒಳಗಾದ ಗರ್ಭಿಣಿಯರಲ್ಲಿ ನೂರಕ್ಕೆ ಆರರಷ್ಟು ಜನರಿಗೆ ಗರ್ಭಕಾಲದ ಮಧುಮೇಹವಿತ್ತು. ನೂರಕ್ಕೆ 43 ಜನರಲ್ಲಿ ಬಿ-12 ಜೀವಸತ್ವದ ಕೊರತೆಯಿತ್ತು. ಅವರಿಗೆ ಹುಟ್ಟಿದ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ಕಡಿಮೆಯಾಗಿದ್ದರೂ, ಬೆನ್ನಿನ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಅಷ್ಟು ಹಿಂದೆ ಬಿದ್ದಿರಲಿಲ್ಲ. ಪುಣೆಯಲ್ಲಿ ಸಿ. ಎಸ್. ಯಾಜ್ಞಿಕ್ ಅವರು ನಡೆಸಿದ ಅಭ್ಯಾಸದಲ್ಲಿಯೂ ಇಂಥದೇ ಲಕ್ಷಣ ಕಂಡುಬಂದಿದೆ. ಕಣ್ಣಿಗೆ ಬಡಕಲಾಗಿ ಕಾಣುವ ನಮ್ಮ ಕೂಸಿನಲ್ಲಿ ಕಡಿಮೆಯಾದುದು ಮಾಂಸಖಂಡ, ಕೊಬ್ಬಲ್ಲ ಎಂಬುದು ಇದರ ತಾತ್ಪರ್ಯ.

4. ಈ ಆಕರಗಳ ಮಿತಿ

ಯಾವ ಆಕರವನ್ನೂ ವಿಮರ್ಶೆಯಿಲ್ಲದೆ ಸ್ವೀಕರಿಸುವುದು ಇತಿಹಾಸಕಾರನಿಗೆ ಸಲ್ಲದು. ಮೊದಲನೆಯದಾಗಿ, 1934ರ ಸುಮಾರಿಗೆ ಆಸ್ಪತ್ರೆಯಲ್ಲಿ ಹೆರಿಗೆಯಾದವರು ಇಡೀ ಮೈಸೂರು ಸೀಮೆಯ ತಾಯಂದಿರ ಪ್ರತಿನಿಧಿಗಳಲ್ಲ. ಆಗ ಬಹುಪಾಲು ಹೆರಿಗೆಗಳು ಮನೆಯಲ್ಲಿಯೇ ನಡೆಯುತ್ತಿದ್ದುವು. ಎರಡನೆಯದಾಗಿ, ಪರೀಕ್ಷೆಗೆ ಸಿಕ್ಕವರು ಬದುಕಿ ಉಳಿದು, ಆ ಬಡಾವಣೆಗಳಲ್ಲಿಯೇ ನೆಲೆಸಿದ್ದವರು. ಸತ್ತವರೂ ಊರು ಬಿಟ್ಟವರೂ ಈ ಲೆಕ್ಕದಲ್ಲಿಲ್ಲ. ಮೂರನೆಯದಾಗಿ, ಕಡಿಮೆ ತೂಕವೂ ಮುಂದಿನ ರೋಗವೂ ಜತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಬಡತನವೇ ಎರಡಕ್ಕೂ ಮೂಲವಾಗಿರಬಹುದು. ಬಾರ್ಕರ್ ಅವರ ಸಿದ್ಧಾಂತದ ಮೇಲೆ ಈ ಆಕ್ಷೇಪಗಳು ಅವರ ದೇಶದಲ್ಲಿಯೇ ಬಲವಾಗಿ ಎದ್ದುವು. ಬೇರೆ ಬೇರೆ ದೇಶಗಳ ವಹಿಗಳಲ್ಲಿ ಹೃದ್ರೋಗದ ವಿಷಯವಾಗಿ ಇದೇ ಬಗೆಯ ಸಂಬಂಧ ಮರಳಿ ಮರಳಿ ಕಂಡುಬಂದುದರಿಂದ ಅದು ನೆಲೆ ನಿಂತಿತಾದರೂ, ಹುಟ್ಟಿನ ತೂಕವೇ ಮನುಷ್ಯನ ವಿಧಿಯೆಂದು ತಿಳಿಯುವುದು ತಪ್ಪಾದೀತು. ಐದೂವರೆ ಪೌಂಡಿನ ಕೂಸುಗಳಲ್ಲಿ ನೂರಕ್ಕೆ 89 ಮಂದಿಗೆ ಆ ವಯಸ್ಸಿನಲ್ಲಿ ಹೃದ್ರೋಗವಿರಲಿಲ್ಲವೆಂಬುದನ್ನೂ ಅದೇ ಅಂಕೆ ಹೇಳುತ್ತದೆ.

5. ಗದಗ ಸೀಮೆ: ಮೂರು ಆಡಳಿತಗಳ ಮಕ್ಕಳು

ಇನ್ನು ನಮ್ಮ ಸೀಮೆಯ ಕಡೆಗೆ ತಿರುಗೋಣ. ಇಂದು ಒಂದೇ ಜಿಲ್ಲೆಯಲ್ಲಿರುವ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳು 1948ರ ವರೆಗೆ ಒಂದೇ ಆಡಳಿತದಲ್ಲಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದುವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಸಂಸ್ಥಾನಗಳು ವಿಲೀನವಾದ ಮೇಲೆ ಇವೆಲ್ಲ ಧಾರವಾಡ ಜಿಲ್ಲೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದುವು. ಗದಗ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಹತ್ತು ಹದಿನೈದು ಮೈಲಿಗಳ ಅಂತರದಲ್ಲಿ, ಒಂದೇ ಕರಿಮಣ್ಣಿನ ಜೋಳವನ್ನುಂಡು, ಒಂದೇ ಮಳೆಯನ್ನು ನೆಚ್ಚಿ ಬದುಕಿದ ಮಕ್ಕಳ ಹುಟ್ಟುಸಾವುಗಳು ಹೀಗೆ ಮೂರು ಸರಕಾರಗಳ ಲೆಕ್ಕದಲ್ಲಿ ಹಂಚಿಹೋದುವು. ಸಂಸ್ಥಾನಗಳ ಬರವಣಿಗೆ ಮರಾಠಿಯಲ್ಲಿ; ಹಿಂದಿನವು ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿ. ಇವನ್ನು ಓದಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ವೈದ್ಯ ಸಂಶೋಧಕನಿಗೆ ಈ ಲಿಪಿ ಬಾರದು. ಬರುವ ಇತಿಹಾಸಾಭ್ಯಾಸಿಗೆ ಈ ಪ್ರಶ್ನೆ ಹೊಳೆಯದು. ಇಬ್ಬರೂ ಕೂಡಿ ಕುಳಿತಲ್ಲದೆ ಈ ಕೆಲಸ ಸಾಗದು.

ಪ್ರಶ್ನೆಗಳಿಗಂತೂ ಈ ಸೀಮೆಯಲ್ಲಿ ಬರವಿಲ್ಲ. 1876-78ರ ಮಹಾಕ್ಷಾಮದಲ್ಲಿ ಧಾರವಾಡ ಜಿಲ್ಲೆ ನಲುಗಿತು. 1872ರ ಜನಗಣತಿಗಿಂತ 1881ರ ಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಇಳಿದಿತ್ತು. ಅದೇ ಶತಮಾನದ ಕೊನೆಯಲ್ಲಿ ಪ್ಲೇಗು ಹುಬ್ಬಳ್ಳಿ, ಧಾರವಾಡ, ಗದಗುಗಳನ್ನು ಕಾಡಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಕ್ಷಾಮದ ವರದಿಗಳಲ್ಲಿ ಸತ್ತವರ ಎಣಿಕೆ, ಪರಿಹಾರ ಕಾಮಗಾರಿಗಳಲ್ಲಿ ದುಡಿದವರ ಎಣಿಕೆ, ಧಾನ್ಯದ ಧಾರಣೆ ಎಲ್ಲವೂ ಇವೆ. ಬದುಕುಳಿದ ತಾಯಂದಿರಿಗೆ ಹುಟ್ಟಿದ ಕೂಸುಗಳ ದೇಹಸ್ಥಿತಿಯ ಮಾತು ಅವುಗಳಲ್ಲಿಲ್ಲ. ಹಾಲೆಂಡಿನವರು ತಮ್ಮ ಕ್ಷಾಮವನ್ನು ಕುರಿತು ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಕ್ಷಾಮವನ್ನು ಕುರಿತು ಕೇಳಲಾರೆವು. ಕಾರಣ, ಅಲ್ಲಿ ತಕ್ಕಡಿಯ ಪಕ್ಕದಲ್ಲಿ ವಹಿಯಿತ್ತು, ಇಲ್ಲಿ ಇರಲಿಲ್ಲ.

ವಹಿಯಿಲ್ಲದೆಡೆ ದೇಹವೇ ಕೆಲವೊಮ್ಮೆ ಸಾಕ್ಷ್ಯ ನುಡಿಯುವುದುಂಟು. ಮುಂಡರಗಿ ತಾಲೂಕಿನ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಅದು ಒಂದೂವರೆ ಮಿಲಿಗ್ರಾಮನ್ನು ಮೀರಕೂಡದೆಂಬುದು ಅಂಗೀಕೃತ ಮಿತಿ. ಶಾಶ್ವತ ಹಲ್ಲುಗಳ ಮೇಲ್ಪದರವು ವಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗಿನ ಬಾಲ್ಯದಲ್ಲಿ. ಆ ಕಾಲದಲ್ಲಿ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟಿಗಳು ಮೂಡಿ ಜೀವಮಾನವಿಡೀ ಉಳಿಯುತ್ತವೆ. ಮೂವತ್ತು ವರ್ಷದ ಮನುಷ್ಯನ ಹಲ್ಲನ್ನು ನೋಡಿ ಅವನು ಬಾಲ್ಯದಲ್ಲಿ ಕುಡಿದ ನೀರಿನ ವಿಷಯವನ್ನು ಹೇಳಬಹುದು. ಆದರೆ ಹಲ್ಲು ಹೇಳುವುದು ನೀರೊಂದನ್ನೇ. ಗರ್ಭದ ಹಸಿವನ್ನು ಹೇಳಲು ಬರೆದಿಟ್ಟ ತೂಕವೇ ಬೇಕು.

6. ಮುಂದಿನ ಕರ್ತವ್ಯ

ಬೇಸೆಲ್ ಮಿಶನ್ನಿನವರು 1841ರಲ್ಲಿ ಬೆಟಗೇರಿಗೆ ಬಂದರು. ಆ ಪರಂಪರೆಯ ಆಸ್ಪತ್ರೆ ಗದಗಿನಲ್ಲಿ ಜರ್ಮನ್ ಆಸ್ಪತ್ರೆಯೆಂದು ಪ್ರಸಿದ್ಧವಾಯಿತು. ಮಿಶನ್ ಆಸ್ಪತ್ರೆ, ಸರಕಾರಿ ದವಾಖಾನೆ, ಪುರಸಭೆ, ಗ್ರಾಮ ಚಾವಡಿ, ಎಲ್ಲಿಯೇ ಆಗಲಿ, ಹುಟ್ಟುಸಾವಿನ, ಹೆರಿಗೆಯ, ದೇವಿ ಹಾಕಿದ ಹಳೆಯ ವಹಿಗಳು ಇದ್ದಲ್ಲಿ ಅವುಗಳ ಪಟ್ಟಿಯನ್ನು ತಯಾರಿಸುವುದು ಮೊದಲ ಕೆಲಸ. ಇವು ಶಾಸನದಂತೆ ಕಲ್ಲಿನಲ್ಲಿ ಕೊರೆದುವಲ್ಲ. ಗೆದ್ದಲು, ಮಳೆಯ ಸೋರಿಕೆ, ಕಟ್ಟಡದ ದುರಸ್ತಿಯ ಕಾಲದಲ್ಲಿ ರದ್ದಿಗೆ ಹಾಕುವ ಅಭ್ಯಾಸ, ಇವು ಮೂರೂ ಇವುಗಳ ಶತ್ರುಗಳು. ಶಾಸನದ ಒಂದು ತುಂಡು ಹೊಲದಲ್ಲಿ ಸಿಕ್ಕರೆ ಹತ್ತು ಜನ ವಿದ್ವಾಂಸರು ಕೂಡುತ್ತಾರೆ; ಹೆರಿಗೆ ವಹಿಯ ಗಂಟು ಗುಜರಿಯವನ ಗಾಡಿ ಹತ್ತಿದರೆ ಕೇಳುವವರಿಲ್ಲ.

ಈ ವಹಿಗಳಲ್ಲಿ ತಾಯಂದಿರ ಹೆಸರು, ಜಾತಿ, ಕಾಯಿಲೆ, ಸತ್ತುಹುಟ್ಟಿದ ಕೂಸುಗಳ ವಿವರ ಮುಂತಾದ ಮನೆವಾರ್ತೆಯ ಸಂಗತಿಗಳಿರುತ್ತವೆ. ಅವರ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಆದುದರಿಂದ ರಕ್ಷಣೆಯೆಂದರೆ ಪ್ರಕಟನೆಯಲ್ಲ. ಹೆಸರುಗಳನ್ನು ಮರೆಮಾಡಿ, ಜವಾಬ್ದಾರಿಯುಳ್ಳವರ ವಶದಲ್ಲಿಟ್ಟು, ತಕ್ಕ ಅನುಮತಿಯಿಂದಲೇ ಉಪಯೋಗಿಸುವ ಕ್ರಮ ಅಗತ್ಯ.

ಇಂದಿನ ವಹಿಗಳ ಮಾತೂ ಅಷ್ಟೇ ಮುಖ್ಯ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರಲ್ಲಿ ದೇಶದಲ್ಲಿ ಆರಂಭವಾದಂದಿನಿಂದ ಅಂಗನವಾಡಿಗಳಲ್ಲಿ ಮಕ್ಕಳನ್ನು ತೂಗಿ ಬರೆಯಲಾಗುತ್ತಿದೆ. ಈಗ ಅದು ಯಂತ್ರದಲ್ಲಿಯೂ ದಾಖಲಾಗುತ್ತಿದೆ. ಶಿರಹಟ್ಟಿಯ ಒಂದು ಹಳ್ಳಿಯ ಅಂಗನವಾಡಿ ಕಾರ್ಯಕರ್ತೆ ತಿಂಗಳಿಗೊಮ್ಮೆ ಬರೆಯುವ ತೂಕವು ಮೇಲಿನ ಕಚೇರಿಗೆ ಕಳಿಸುವ ಒಂದು ಅಂಕೆ ಮಾತ್ರವೆಂದು ಅವಳಿಗೂ ಅನಿಸಬಹುದು. ಮೈಸೂರಿನ ಮಿಷನ್ ಆಸ್ಪತ್ರೆಯ ದಾದಿಯರಿಗೂ 1934ರಲ್ಲಿ ತಾವು ಇತಿಹಾಸ ಬರೆಯುತ್ತಿದ್ದೇವೆಂಬ ಅರಿವಿದ್ದಿರಲಾರದು. ತೂಕವನ್ನು ಸರಿಯಾಗಿ ನೋಡಿ ಬರೆದುದು ಅವರ ಹೆಚ್ಚಳ; ಆ ವಹಿಯನ್ನು ಅರುವತ್ತು ವರ್ಷ ಬಿಸಾಡದೆ ಇಟ್ಟುದು ಆಸ್ಪತ್ರೆಯ ಹೆಚ್ಚಳ; ಅದರ ಬೆಲೆಯನ್ನು ಕಂಡುಕೊಂಡುದು ಬಾರ್ಕರ್, ಫಾಲ್ ಮುಂತಾದವರ ಹೆಚ್ಚಳ. ಈ ಮೂರರಲ್ಲಿ ನಡುವಿನದು ತಪ್ಪಿದ್ದರೆ ಉಳಿದೆರಡೂ ವ್ಯರ್ಥವಾಗುತ್ತಿದ್ದುವು. ಆ ನಡುವಿನ ಕೆಲಸವೇ ನಮ್ಮ ವಿಭಾಗದಂಥ ಸಂಸ್ಥೆಗಳ ಪಾಲಿಗೆ ಬಂದಿರುವುದು. ಮುಂಬರುವ ವರ್ಷಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ವಹಿಗಳ ಪಟ್ಟಿಯನ್ನು ತಯಾರಿಸುವುದನ್ನು ಪ್ರಬಂಧದ ವಿಷಯವಾಗಿ ಕೈಗೊಳ್ಳುವರೆಂದು ನಾವು ಆಶಿಸುತ್ತೇವೆ.